‘ಸಂಪರ್ಕ ಕಡಿದಾಗ’ ಎಂದು ಶುರುವಾಗುವ ವಾಕ್ಯ

ಆ ದಾಖಲೆ ನನ್ನ ಕೈಗೆ ಬಂದಾಗ ಅದು ಮುಗಿದಿದೆ ಎಂದೇ ಎಲ್ಲರೂ ಹೇಳಿದ್ದರು. ಭಾಷೆ ಸ್ವಲ್ಪ ತಿದ್ದಬೇಕು, ಚಿತ್ರಗಳನ್ನು ಚೊಕ್ಕಟವಾಗಿ ಬರೆಸಬೇಕು, ಅಷ್ಟೇ. ಚೆನ್ನೈಯ ನುಂಗಂಬಾಕ್ಕಂನ ನಮ್ಮ ಆಫೀಸಿನಲ್ಲಿ ನನ್ನ ಕೆಲಸವೇ ಅದು. ಎಂಜಿನಿಯರುಗಳು ಕಟ್ಟಿದ್ದನ್ನು ಬೇರೆ ಊರಿನ, ಬೇರೆ ಕಂಪನಿಯ ಎಂಜಿನಿಯರುಗಳು ಓದಿ ತಾವೂ ಕಟ್ಟುವ ಹಾಗೆ ಬರೆದುಕೊಡುವುದು.

ನಮ್ಮ ಕಂಪನಿ ಫೈಲುಗಳನ್ನು ಸಂಗ್ರಹಿಸಿಡುವ ಸರ್ವರುಗಳನ್ನು ಮಾಡುತ್ತದೆ. ದೂರದಲ್ಲಿರುವ ಕಂಪ್ಯೂಟರು ನೆಟ್‌ವರ್ಕಿನ ಮೂಲಕ ಆ ಸರ್ವರಿನ ಜೊತೆ ಹೇಗೆ ಮಾತು ಶುರುಮಾಡಬೇಕು, ಹೇಗೆ ಬರೆಯಬೇಕು, ಹೇಗೆ ಮುಗಿಸಬೇಕು ಎಂಬ ಕಟ್ಟುಪಾಡಿಗೆ ಪ್ರೋಟೋಕಾಲ್ ಎನ್ನುತ್ತಾರೆ. ಆ ಕಟ್ಟುಪಾಡುಗಳನ್ನೆಲ್ಲ ಬರೆದಿಟ್ಟ ದಾಖಲೆ ಸ್ಪೆಕ್. ಅದರಲ್ಲಿ ಇಲ್ಲದ್ದನ್ನು ಯಾರೂ ಕಟ್ಟುವುದಿಲ್ಲ. ಅದರಲ್ಲಿ ಅರ್ಧ ಇದ್ದದ್ದನ್ನು ಒಬ್ಬೊಬ್ಬರು ಒಂದೊಂದು ಥರ ಪೂರ್ತಿ ಮಾಡಿಕೊಳ್ಳುತ್ತಾರೆ. ಭಯ ಇರುವುದು ಅಲ್ಲಿ.

ಸಂಪರ್ಕದ ಅಧ್ಯಾಯದಲ್ಲಿ ಒಂದು ಚಿತ್ರವಿತ್ತು. ನಾಲ್ಕು ವೃತ್ತಗಳು: ತೆರೆಯುತ್ತಿದೆ, ತೆರೆದಿದೆ, ಮುಚ್ಚುತ್ತಿದೆ, ಮುಚ್ಚಿದೆ. ಒಂದರಿಂದ ಇನ್ನೊಂದಕ್ಕೆ ಬಾಣಗಳು. ಕೆಳಗೆ ಇಂಗ್ಲಿಷಿನಲ್ಲಿ ಒಂದು ವಾಕ್ಯ. ಕನ್ನಡದಲ್ಲಿ ಹೇಳುವುದಾದರೆ, ‘ಸಂಪರ್ಕ ಕಡಿದಾಗ ಅದು ಮುಚ್ಚಿದ ಸ್ಥಿತಿಗೆ ಹೋಗುತ್ತದೆ; ಆಮೇಲೆ ಹೊಸ ಸಂಪರ್ಕವನ್ನು ತೆರೆಯಬಹುದು.’

ಓದಲು ಚೆನ್ನಾಗಿಯೇ ಇತ್ತು. ನಾನು ಅದನ್ನು ದಾಟಿ ಮುಂದಿನ ಪುಟಕ್ಕೆ ಹೋದೆ. ಯಾಕೋ ಸಮಾಧಾನವಾಗದೆ ಹಿಂದಕ್ಕೆ ಬಂದೆ. ಕಡಿದಾಗ ಎಂದರೆ ಯಾರ ಪಾಲಿಗೆ ಕಡಿದಾಗ? ಫೋನಿನಲ್ಲಿ ಮಾತಾಡುತ್ತಿರುವಾಗ ಲೈನು ಹೋದರೆ ಒಬ್ಬರು ಎರಡು ಸಲ ಹಲೋ ಎಂದು ಇಟ್ಟುಬಿಡುತ್ತಾರೆ. ಇನ್ನೊಬ್ಬರಿಗೆ ಅದು ತಿಳಿದಿರುವುದೇ ಇಲ್ಲ, ಹೇಳುತ್ತಿದ್ದ ಕತೆಯನ್ನು ಹೇಳುತ್ತಲೇ ಇರುತ್ತಾರೆ. ಆ ಹೊತ್ತಿನಲ್ಲಿ ಸಂಪರ್ಕ ಮುಚ್ಚಿದೆಯೋ ತೆರೆದಿದೆಯೋ ಎಂದು ಕೇಳಿದರೆ ಒಂದೇ ಉತ್ತರ ಇರುವುದಿಲ್ಲ.

ಆ ಚಿತ್ರ ಬರೆದವರು ನಮ್ಮ ಮುಖ್ಯ ವಿನ್ಯಾಸಕಾರರು. ತಲೆಮಾರುಗಳ ಹಿಂದೆ ಮದ್ರಾಸಿಗೆ ಬಂದು ನೆಲೆಸಿದ ವೈಷ್ಣವ ಮನೆತನದವರು. ಮನೆಮಾತು ಕನ್ನಡವಾದರೂ ಅದರಲ್ಲಿ ಅರ್ಧ ತಮಿಳು. ನಮ್ಮ ಮನೆಯದೂ ಹಾಗೆಯೇ. ಆಫೀಸಿನಲ್ಲಿ ಕನ್ನಡ ಬರುವವರು ನಾವಿಬ್ಬರೇ ಆದ್ದರಿಂದ ಕಾಫಿಯ ಹೊತ್ತಿನಲ್ಲಿ ಅದರಲ್ಲೇ ಮಾತಾಡುವುದು ರೂಢಿ. ಅವತ್ತೂ ಹಾಗೇ ಕೇಳಿದೆ.

“ಸರ್, ಈ ವಾಕ್ಯದಲ್ಲಿ ಕಡೀತು ಅಂತ ಗೊತ್ತಾಗೋದು ಯಾರಿಗೆ?”

“ಎರಡು ಕಡೆಗೂ.”

“ಒಟ್ಟಿಗೇನಾ?”

“ಆಮಾ, ಹೆಚ್ಚುಕಮ್ಮಿ ಒಟ್ಟಿಗೇನೆ. ನೀ ಅದನ್ನ ರೊಂಬ ಯೋಚ್ನೆ ಮಾಡ್ಬೇಡಮ್ಮಾ. ಲ್ಯಾಬ್‌ನಲ್ಲಿ ಎಷ್ಟು ದಿವಸದಿಂದ ಓಡ್ತಿದೆ.”

ಹೆಚ್ಚುಕಮ್ಮಿ ಎಂಬ ಮಾತು ಸ್ಪೆಕ್‌ನಲ್ಲಿ ಎಲ್ಲೂ ಇರಲಿಲ್ಲ.

ಇಂಥ ಅನುಮಾನ ಬಂದಾಗ ನಾನು ಮಾಡುವ ಕೆಲಸ ಒಂದಿದೆ. ಆ ಪುಟವನ್ನು ಇಬ್ಬರು ಪ್ರೋಗ್ರಾಮರುಗಳಿಗೆ ಬೇರೆ ಬೇರೆಯಾಗಿ ಕೊಟ್ಟು, ಇದನ್ನು ಓದಿ ನೀವು ಏನು ಕಟ್ಟುತ್ತೀರಿ ಎಂದು ಕೇಳುವುದು. ಒಬ್ಬರು ನಮ್ಮಲ್ಲೇ ಸರ್ವರಿನ ಭಾಗ ಬರೆಯುವವರು. ಇನ್ನೊಬ್ಬರು ದೂರದಿಂದ ಸರ್ವರಿನಲ್ಲಿ ಬರೆಸುವ ಕಂಪ್ಯೂಟರಿನ ಭಾಗ ಮಾಡುತ್ತಿದ್ದ ಬೇರೊಂದು ಕಂಪನಿಯವರು, ಫೋನಿನಲ್ಲಿ ಸಿಕ್ಕರು. ನೆಟ್‌ವರ್ಕ್ ಸ್ವಲ್ಪ ಹೊತ್ತು ಮೌನವಾದರೆ ಸಂಪರ್ಕ ಸತ್ತಿತು ಎಂದುಕೊಂಡು ತಕ್ಷಣ ಹೊಸದನ್ನು ತೆರೆಯುತ್ತೇನೆ, ಉಳಿದ ಬರಹಗಳನ್ನು ಅದರಲ್ಲಿ ಮತ್ತೆ ಕಳಿಸುತ್ತೇನೆ ಎಂದರು ಫೋನಿನವರು. ನಮ್ಮವರು ಹೇಳಿದ್ದು ಬೇರೆ. ಮೌನ ಎಂದರೆ ಸಾವಲ್ಲ, ಹಳೆಯ ಸಂಪರ್ಕ ತಾನಾಗಿ ಬಿದ್ದುಹೋಗುವವರೆಗೆ ಅದನ್ನು ತೆರೆದೇ ಇಡುತ್ತೇನೆ, ಅದರಲ್ಲಿ ಬಂದದ್ದನ್ನು ಬರೆದುಕೊಳ್ಳುತ್ತೇನೆ. ಇಬ್ಬರೂ ಆಧಾರವೆಂದು ಹೇಳಿದ್ದು ಅದೇ ವಾಕ್ಯವನ್ನು. ಇಬ್ಬರ ದನಿಯಲ್ಲೂ ಅನುಮಾನದ ಲವಲೇಶವೂ ಇರಲಿಲ್ಲ. ಅವರು ಜಗಳವಾಡಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಚಿತ್ರವನ್ನು ಪಕ್ಕಕ್ಕಿಟ್ಟು ಕೋಷ್ಟಕ ಹಾಕಿದೆ. ಮೇಲಿನಿಂದ ಕೆಳಕ್ಕೆ ಸರ್ವರು ಇರಬಹುದಾದ ಸ್ಥಿತಿಗಳು. ಎಡದಿಂದ ಬಲಕ್ಕೆ ಆಗಬಹುದಾದ ಘಟನೆಗಳು: ಬರಹ ಬಂತು, ಮೌನವಾಯಿತು, ಮುಚ್ಚು ಎಂಬ ಸಂದೇಶ ಬಂತು, ಅದೇ ಹೆಸರಿನಲ್ಲಿ ಹೊಸ ಸಂಪರ್ಕ ಬಂತು. ಪ್ರತಿ ಮನೆಯಲ್ಲೂ ಸರ್ವರು ಏನು ಮಾಡಬೇಕು, ಆಮೇಲೆ ಯಾವ ಸ್ಥಿತಿಗೆ ಹೋಗಬೇಕು ಎಂದು ಬರೆಯಬೇಕು. ಚಿತ್ರದಲ್ಲಿ ಬಾಣ ಇಲ್ಲದ ಕಡೆ ಕಣ್ಣು ನಿಲ್ಲುವುದಿಲ್ಲ. ಕೋಷ್ಟಕದಲ್ಲಿ ಖಾಲಿ ಮನೆ ಖಾಲಿಯಾಗಿಯೇ ಕಾಣುತ್ತದೆ. ತುಂಬುತ್ತ ಬಂದಾಗ ಒಂದು ಮನೆಗೆ ಸ್ಪೆಕ್‌ನಲ್ಲಿ ಎಲ್ಲೂ ಉತ್ತರ ಸಿಗಲಿಲ್ಲ. ಹಳೆಯ ಸಂಪರ್ಕ ಸರ್ವರಿನ ಲೆಕ್ಕದಲ್ಲಿ ಇನ್ನೂ ತೆರೆದೇ ಇರುವಾಗ ಅದೇ ಕಂಪ್ಯೂಟರಿನಿಂದ ಹೊಸದು ಬಂದರೆ?

“ಅಲ್ಲಿಗೆ ಬರೋದೇ ಇಲ್ಲ,” ಎಂದರು ವಿನ್ಯಾಸಕಾರರು. “ಅಸಾಧ್ಯ ಅಂತ ಬರಿ.”

ಬರೆಯಲು ಕೈ ಬರಲಿಲ್ಲ. ಪರೀಕ್ಷಾ ವಿಭಾಗದ ಎಂಜಿನಿಯರ್ ಹತ್ತಿರ ಹೋದೆ. ಮಧುರೈ ಕಡೆಯ ಹುಡುಗಿ, ಮಾತು ಕಡಿಮೆ, ನನ್ನನ್ನು ಅಕ್ಕಾ ಎನ್ನುತ್ತಾಳೆ. ಕೋಷ್ಟಕವನ್ನು ನೋಡಿ, “ಮುಡಿಯಾದುನ್ನು ಯಾರ್ ಸೊನ್ನಾ?” ಎಂದಳು. ಆಗುವುದಿಲ್ಲ ಅಂತ ಯಾರು ಹೇಳಿದ್ದು ಎಂದು ಅದರ ಅರ್ಥ. ಯಾರು ಹೇಳಿದ್ದು ಎಂದು ನಾನು ಹೇಳಲಿಲ್ಲ.

ಅವಳ ಪರೀಕ್ಷೆ ಇಷ್ಟು: ಒಂದು ಫೈಲಿನಲ್ಲಿ ಮೊದಲು ‘ಪಳಸು’ ಎಂದು ಬರೆಯುವುದು, ಎಂದರೆ ಹಳತು. ಅದು ಹೋಗುತ್ತಿರುವಾಗಲೇ ಕೇಬಲ್ ಕೀಳುವುದು. ಕಂಪ್ಯೂಟರು ಹೊಸ ಸಂಪರ್ಕ ತೆರೆದು ಅದನ್ನೇ ಮತ್ತೆ ಕಳಿಸುತ್ತದೆ. ಆಮೇಲೆ ಅದೇ ಜಾಗದಲ್ಲಿ ‘ಪುದುಸು’, ಹೊಸತು, ಎಂದು ಬರೆಯುವುದು. ಕೊನೆಗೆ ಫೈಲು ತೆರೆದರೆ ಹೊಸತು ಎಂದೇ ಇರಬೇಕು. ಅವಳು ಕೇಬಲ್ ಕಿತ್ತಳು, ಹಾಕಿದಳು, ಕಿತ್ತಳು, ಹಾಕಿದಳು. ಪ್ರತಿ ಸಲವೂ ‘ಪುದುಸು’ ಎಂದೇ ಬಂತು. ಊಟದ ಹೊತ್ತಾದರೂ ಅದೇ. ವಿನ್ಯಾಸಕಾರರು ಬಾಗಿಲಲ್ಲಿ ನಿಂತು ನೋಡಿ ಹೋದರು. ವಿಭಾಗದ ಮುಖ್ಯಸ್ಥರಿಂದ, ದಾಖಲೆ ಯಾವಾಗ ಕೊಡುತ್ತೀರಿ ಎಂದು ಮೇಲ್ ಬಂತು. ನಾನು ಆ ಮನೆಯಲ್ಲಿ ‘ಅಸಾಧ್ಯ’ ಎಂದು ಟೈಪ್ ಮಾಡಿಯೂ ಬಿಟ್ಟೆ.

ಮಾರನೆಯ ದಿನ ಅವಳೇ ನನ್ನ ಮೇಜಿನ ಹತ್ತಿರ ಬಂದು ತಮಿಳಿನಲ್ಲಿ ಕೇಳಿದಳು. “ಅಕ್ಕಾ, ನಮ್ಮ ಕೇಬಲ್ ಒಂದು ಮೊಳ ಇದೆ. ಆಸ್ಪತ್ರೆಯದು?”

ಆಸ್ಪತ್ರೆ ಎಂದದ್ದು ಯಾಕೆಂದರೆ, ನಮ್ಮ ಸರ್ವರು ಆಗಲೇ ಒಂದು ಆಸ್ಪತ್ರೆಯಲ್ಲಿ ಪ್ರಯೋಗಕ್ಕೆಂದು ಓಡುತ್ತಿತ್ತು. ಸ್ಕ್ಯಾನ್ ಮಾಡುವ ಕಟ್ಟಡ ರಸ್ತೆಯ ಈಚೆ, ಸರ್ವರು ಇರುವ ಕಟ್ಟಡ ಆಚೆ. ನಡುವಿನ ರಸ್ತೆಯನ್ನು ಮೆಟ್ರೋ ಕೆಲಸಕ್ಕೆ ಅಗೆದಿದ್ದರು. ನೆಲದಡಿಯ ಕೇಬಲ್ ತುಂಡಾಗಿ, ಸದ್ಯಕ್ಕೆ ಎರಡು ತಾರಸಿಗಳ ಮೇಲೆ ಡಿಶ್ ಇಟ್ಟು ವೈರ್‌ಲೆಸ್‌ನಲ್ಲಿ ಜೋಡಿಸಿದ್ದರು. ಅಲ್ಲಿನ ದಾಖಲೆಗಳ ಅಧಿಕಾರಿಯನ್ನು ಫೋನಿನಲ್ಲಿ ಕೇಳಿದೆ. ಸಂಪರ್ಕ ಹೋಗುತ್ತದೆಯಾ ಎಂದರೆ, “ಹೋಗತ್ತೆ ಮೇಡಂ, ಆದರೆ ತಾನಾಗೇ ಬರತ್ತೆ. ನಿಮ್ಮ ಸಿಸ್ಟಮ್ ಚೆನ್ನಾಗಿದೆ. ಒಂದು ಎರರ್ ಕೂಡ ತೋರಿಸಲ್ಲ,” ಎಂದರು ಆಕೆ, ಇಂಗ್ಲಿಷಿನಲ್ಲಿ, ಬಹಳ ಮೆಚ್ಚುಗೆಯಿಂದ.

ಫೋನ್ ಇಟ್ಟ ಮೇಲೆ ನನಗೆ ಕಾಫಿ ಕುಡಿಯಲೂ ಮನಸ್ಸಾಗಲಿಲ್ಲ.

ಮೊಳದುದ್ದದ ಕೇಬಲ್ ಕಿತ್ತರೆ ಸಂದೇಶ ಕಳೆದುಹೋಗುತ್ತದೆ, ತಡವಾಗಿ ಬರುವುದಿಲ್ಲ; ಅದಕ್ಕೇ ಹುಡುಗಿ ಎರಡು ತುದಿಗಳ ನಡುವೆ ಇನ್ನೊಂದು ಕಂಪ್ಯೂಟರನ್ನು ಇಟ್ಟಳು. ಬಂದ ಸಂದೇಶಗಳನ್ನು ಹಿಡಿದಿಟ್ಟುಕೊಂಡು, ಸ್ವಲ್ಪ ಹೊತ್ತಿನ ಮೇಲೆ ಬಿಡುವುದು ಅದರ ಕೆಲಸ. ತಾರಸಿಯ ಡಿಶ್ ಮಾಡುತ್ತಿದ್ದದ್ದೂ ಹೆಚ್ಚುಕಮ್ಮಿ ಅದನ್ನೇ. ‘ಪಳಸು’ ಹೋಗಿ ನಡುವೆ ಸಿಕ್ಕಿಕೊಂಡಿತು. ಬರೆಸುವ ಕಂಪ್ಯೂಟರು ಕಾದು ನೋಡಿ ಹೊಸ ಸಂಪರ್ಕ ತೆರೆಯಿತು, ‘ಪಳಸು’ವನ್ನು ಮತ್ತೆ ಕಳಿಸಿತು. ಆಮೇಲೆ ‘ಪುದುಸು’ ಕಳಿಸಿತು. ಸರ್ವರು ಎರಡನ್ನೂ ಬರೆದುಕೊಂಡು ಆಯಿತು ಎಂದಿತು. ಫೈಲು ತೆರೆದೆವು: ಪುದುಸು. ಆಗ ಅವಳು ನಡುವೆ ಹಿಡಿದಿಟ್ಟಿದ್ದನ್ನು ಬಿಟ್ಟಳು. ಸರ್ವರಿನ ಪಾಲಿಗೆ ಹಳೆಯ ಸಂಪರ್ಕ ಇನ್ನೂ ತೆರೆದೇ ಇತ್ತು. ತಡವಾಗಿ ಬಂದ ಹಳೆಯ ಬರಹವನ್ನು ಅದು ನಿಯತ್ತಾಗಿ ಬರೆದುಕೊಂಡಿತು.

ಫೈಲು ಮತ್ತೆ ತೆರೆದೆವು. ಪಳಸು.

ಎಲ್ಲ ದೀಪಗಳೂ ಹಸಿರಾಗಿದ್ದವು. ಎಚ್ಚರಿಕೆಯ ಸಾಲು ಎಲ್ಲೂ ಇರಲಿಲ್ಲ. ಹುಡುಗಿ ನನ್ನ ಮುಖ ನೋಡಲಿಲ್ಲ. “ಇನ್ನೊಂದು ಸಲ,” ಎಂದಳು. ಇನ್ನೊಂದು ಸಲವೂ ಪಳಸು.

ವಿನ್ಯಾಸಕಾರರನ್ನು ಕರೆದು ತೋರಿಸಿದೆವು. ಅವರು ಕುರ್ಚಿ ಎಳೆದುಕೊಂಡು ಕೂತು, ತಾವೇ ಒಂದು ಸಲ ಮಾಡಿ ನೋಡಿದರು. ಕನ್ನಡಕ ತೆಗೆದು ಒರೆಸಿದರು. “ಆಸ್ಪತ್ರೆಯಲ್ಲಿ ಇದರ ಮೇಲೆ ಏನು ಬರೀತಾರೆ?” ಎಂದು ಕೇಳಿದರು.

ಅದನ್ನು ನಾನು ವಿಚಾರಿಸಿಕೊಂಡಿದ್ದೆ. ಸ್ಕ್ಯಾನ್ ಚಿತ್ರ ಮೊದಲು ಸರ್ವರಿಗೆ ಬರುತ್ತದೆ. ಕಿರಿಯ ವೈದ್ಯರೊಬ್ಬರು ಅದನ್ನು ತೆರೆದು, ಅನುಮಾನ ಬಂದ ಕಡೆ ಬಾಣದ ಗುರುತು ಹಾಕಿ ಉಳಿಸುತ್ತಾರೆ. ಹಿರಿಯ ವೈದ್ಯರು ಗುರುತು ಇರುವ ಚಿತ್ರ ನೋಡಿ ವರದಿ ಬರೆಯುತ್ತಾರೆ. ಗುರುತಿನ ಮೇಲೆ ಗುರುತಿಲ್ಲದ ಹಳೆಯ ಚಿತ್ರ ಬಂದು ಕೂತರೆ, ಹಿರಿಯ ವೈದ್ಯರಿಗೆ ಕಾಣುವುದು ಏನೂ ಇಲ್ಲದ ಚಿತ್ರ.

ಅವರು ಎದ್ದು ಹೋದರು.

ಮಧ್ಯಾಹ್ನ ಮುಖ್ಯಸ್ಥರ ಕೋಣೆಯಲ್ಲಿ ಸಭೆ. ಇಲ್ಲೊಂದು ವಿಷಯ ಹೇಳಬೇಕು. ಸ್ಪೆಕ್‌ನ ಮೊದಲ ಆವೃತ್ತಿ ಆಗಲೇ ಪ್ರಕಟವಾಗಿ ಬಳಕೆಯಲ್ಲಿತ್ತು, ಅದರಲ್ಲೂ ಇದೇ ವಾಕ್ಯ ಇತ್ತು. ಪ್ರಕಟವಾದ ಸ್ಪೆಕ್‌ಗೆ ತಿದ್ದುಪಡಿ ತರುವಾಗ ಎರಡು ಹಣೆಪಟ್ಟಿಗಳಲ್ಲಿ ಒಂದನ್ನು ಹಚ್ಚಬೇಕು. ‘ವಿವರಣೆ’ ಎಂದರೆ ಅರ್ಥ ಅದೇ, ಮಾತು ಮಾತ್ರ ಸ್ಪಷ್ಟವಾಗಿದೆ. ಅದು ಮುಂದಿನ ಆವೃತ್ತಿಯ ಜೊತೆ ಸದ್ದಿಲ್ಲದೆ ಹೋಗುತ್ತದೆ. ‘ದೋಷ’ ಎಂದರೆ ಬಳಸುತ್ತಿರುವ ಎಲ್ಲರಿಗೂ ಕೂಡಲೇ ತಿಳಿಸಬೇಕು, ಒಪ್ಪಂದದಲ್ಲೇ ಹಾಗೆ ಇದೆ. ಯಾವ ಪಟ್ಟಿ ಎಂದು ಹಾಕುವುದು ಸಂಪಾದಕರ ಕೆಲಸ. ಅಂದರೆ ನನ್ನದು.

“ತಿದ್ದಿ, ಯಾರು ಬೇಡ ಅಂದರು?” ಎಂದರು ಮುಖ್ಯಸ್ಥರು, ತಮಿಳಿನಲ್ಲಿ. ಕೆಟ್ಟವರಲ್ಲ, ದನಿ ಎತ್ತಿ ಮಾತಾಡಿದವರಲ್ಲ. “ವಿವರಣೆ ಅಂತ ಹಾಕಿ. ಸರ್ವರಿನ ಕಡೆ ಸದ್ದಿಲ್ಲದೆ ಸರಿಮಾಡೋಣ. ಲ್ಯಾಬ್‌ನಲ್ಲಿ ಬೇಕೂಂತ ಮಾಡಿದರೆ ಆಗುತ್ತೆ. ಆಸ್ಪತ್ರೆಯಲ್ಲಿ ಆಗಿದೆ ಅಂತ ಯಾರಾದರೂ ಹೇಳಿದಾರಾ?”

“ಅವರಿಗೆ ಗೊತ್ತಾಗೋ ದಾರಿಯೇ ಇಲ್ಲ ಸರ್. ನಾವು ಎರರ್ ತೋರಿಸಲ್ಲ.”

“ಅದೇ ಹೇಳ್ತಿರೋದು. ಗೊತ್ತಿಲ್ಲದ್ದನ್ನ ಹೇಳಿ ಯಾಕೆ ಹೆದರಿಸೋದು?”

ನಾನು ವಿನ್ಯಾಸಕಾರರ ಕಡೆ ನೋಡಿದೆ. ಅವರು ಮೇಜಿನ ಮೇಲಿದ್ದ ತಮ್ಮ ಚಿತ್ರವನ್ನು ನೋಡುತ್ತಿದ್ದರು, ತಲೆ ಎತ್ತಲಿಲ್ಲ.

ನನ್ನ ಜಾಗಕ್ಕೆ ಬಂದು ಕೂತೆ. ತಿದ್ದುಪಡಿಯ ನಮೂನೆ ಪರದೆಯ ಮೇಲೆ ತೆರೆದೇ ಇತ್ತು. ‘ವಿವರಣೆ’ ಎಂದು ಆರಿಸಿದರೆ ಅವತ್ತೇ ಎಲ್ಲ ಮುಗಿಯುತ್ತಿತ್ತು. ಮುಖ್ಯಸ್ಥರು ಹೇಳಿದ್ದು ನಿಜವೂ ಇರಬಹುದಿತ್ತು, ಆಸ್ಪತ್ರೆಯಲ್ಲಿ ಒಂದೂ ಹಾಗೆ ಆಗಿರದೆ ಇರಬಹುದು. ಆದರೆ ಆ ಪದ ಸುಳ್ಳಾಗಿತ್ತು. ಹಿಂದಿನ ವಾಕ್ಯಕ್ಕೆ ಒಂದು ಅರ್ಥ ಇದ್ದಿದ್ದರೆ ತಾನೇ ಅದನ್ನು ವಿವರಿಸುವುದು? ನಾನು ‘ದೋಷ’ ಎಂದು ಆರಿಸಿದೆ. ಕಾರಣದ ಸಾಲಿನಲ್ಲಿ, ‘ಉಳಿಸಿದ ಫೈಲಿನ ಮೇಲೆ ಸರ್ವರು ಹಳೆಯ ಬರಹವನ್ನು ಬರೆಯಬಹುದು, ಅದು ಯಾರಿಗೂ ತಿಳಿಯುವುದಿಲ್ಲ’ ಎಂದು ಬರೆದೆ. ಬಳಸುತ್ತಿರುವ ಎಲ್ಲರಿಗೂ, ಆಸ್ಪತ್ರೆಯ ದಾಖಲೆಗಳ ಅಧಿಕಾರಿಗೂ ಕಳಿಸಿದೆ. ಆಮೇಲೆ ಮುಖ್ಯಸ್ಥರ ಕೋಣೆಗೆ ಹೋಗಿ ಕಳಿಸಿದ್ದೇನೆ ಎಂದು ಹೇಳಿದೆ. ಅವರು, “ಸರಿ, ನೀವು ಹೋಗಿ,” ಎಂದರು. ಆ ‘ಹೋಗಿ’ ಕೋಣೆಯಿಂದಲೋ ಕೆಲಸದಿಂದಲೋ ನನಗೆ ತಿಳಿಯಲಿಲ್ಲ. ಸಂಜೆ ವೆಸ್ಟ್ ಮಾಂಬಲಂನಲ್ಲಿ ರೈಲಿಳಿದು, ತರಕಾರಿ ಕೊಳ್ಳಬೇಕೆಂದಿದ್ದದ್ದೂ ಮರೆತು ಮನೆಗೆ ಹೋದೆ.

ಬೆಳಗ್ಗೆ ನಾನು ಬರುವ ಮೊದಲೇ ವಿನ್ಯಾಸಕಾರರು ನನ್ನ ಮೇಜಿನ ಹತ್ತಿರ ಕೂತಿದ್ದರು.

“ಆ ಚಿತ್ರ ತೆಗೆದುಬಿಡು,” ಎಂದರು.

“ಬೇರೆ ಬರೆಸೋಣ ಸರ್.”

“ಒಂದು ಸಂಪರ್ಕ ಅಂದ್ಕೊಂಡು ಒಂದೇ ಚಿತ್ರ ಹಾಕ್ಬಿಟ್ಟೆ. ಆ ತುದಿ ಬೇರೆ, ಈ ತುದಿ ಬೇರೆ. ಎರಡು ಹಾಕ್ಬೇಕಿತ್ತು.” ಏಳುತ್ತ, “ನಿನ್ನೆ ಸಾಯಂಕಾಲ ಮುಖ್ಯಸ್ಥರಿಗೆ ನಾನೂ ಮೇಲ್ ಹಾಕಿದೀನಿ, ದೋಷಾನೇ ಅಂತ. ಅಪ್ರಂ ಏನಾಗುತ್ತೋ, ಆಮೇಲೆ ನೋಡೋಣ,” ಎಂದರು.

ಅವತ್ತಿನಿಂದ ನಾವಿಬ್ಬರೂ ಕೂತು ಆ ಅಧ್ಯಾಯವನ್ನು ಬುಡದಿಂದ ಬರೆದೆವು. ಎರಡು ತುದಿಗೆ ಎರಡು ಚಿತ್ರ, ಎರಡು ಕೋಷ್ಟಕ. ‘ಸಂಪರ್ಕ ಕಡಿದಾಗ’ ಎಂಬ ಮಾತು ಎಲ್ಲೂ ಬರಕೂಡದು ಎಂದು ನಿಯಮ ಮಾಡಿಕೊಂಡೆವು. ಪ್ರತಿ ವಾಕ್ಯವೂ ಯಾರು ಎಂಬುದರಿಂದ ಶುರುವಾಗಬೇಕು. ಆ ಖಾಲಿ ಮನೆಯಲ್ಲಿ ಕೊನೆಗೆ ನಿಂತದ್ದು ಇದು: ‘ಸರ್ವರು ಮೊದಲು ಹಳೆಯ ಸಂಪರ್ಕವನ್ನು ಮುಚ್ಚಬೇಕು. ಅದರಲ್ಲಿ ಉಳಿದ, ಇನ್ನು ಬರಬಹುದಾದ ಬರಹಗಳನ್ನೆಲ್ಲ ಸರ್ವರು ಕೈಬಿಡಬೇಕು. ಇಷ್ಟು ಮುಗಿಯುವ ತನಕ ಸರ್ವರು ಹೊಸ ಸಂಪರ್ಕವನ್ನು ಒಪ್ಪಕೂಡದು.’ ಮೊದಲಿನ ಇಬ್ಬರು ಪ್ರೋಗ್ರಾಮರುಗಳಿಗೂ ಕೊಟ್ಟು ಕೇಳಿದೆ. ಇಬ್ಬರೂ ಹೇಳಿದ್ದು ಒಂದೇ.

ಅಷ್ಟರಲ್ಲಿ ಆಸ್ಪತ್ರೆ ನಮ್ಮ ಸರ್ವರನ್ನು ನಿಲ್ಲಿಸಿ ತನ್ನ ಹಿಂದಿನ ಸರ್ವರಿಗೆ ಮರಳಿತ್ತು. ಅವರ ಕಣ್ಣೆದುರಿಗೇ ನಮ್ಮ ಪರೀಕ್ಷಾ ಎಂಜಿನಿಯರ್ ಫೈಲುಗಳನ್ನು ತಾಳೆ ನೋಡಿದಳು. ಲ್ಯಾಬ್‌ನಲ್ಲಿ ಆದದ್ದು ಅಲ್ಲೂ ಆಗಿತ್ತು. ಕೆಲವು ಚಿತ್ರಗಳಲ್ಲಿ ಗುರುತು ಹೋಗಿತ್ತು. ಅವನ್ನು ವೈದ್ಯರು ಮತ್ತೆ ನೋಡಿದರೆ ಸಾಕಿತ್ತು. ಇನ್ನು ಕೆಲವು ಅರ್ಧ ಹಳತು, ಅರ್ಧ ಹೊಸತಾಗಿ ಕಲಸಿಹೋಗಿದ್ದವು. ಸ್ಕ್ಯಾನ್ ಯಂತ್ರದಲ್ಲಿ ಮೂಲ ಪ್ರತಿಗಳು ಅಷ್ಟು ದಿನ ಉಳಿಯುವುದಿಲ್ಲ. ಅಂಥವರನ್ನೆಲ್ಲ ಮತ್ತೆ ಕರೆಸಬೇಕಾಯಿತು.

ಯಾಕೆ ಕರೆಸುತ್ತಿದ್ದೇವೆ ಎಂದು ರೋಗಿಗಳಿಗೆ ತಿಳಿಯುವಂತೆ ಒಂದು ಪುಟ ಬರೆದುಕೊಡಿ ಎಂದು ಅಧಿಕಾರಿ ನನ್ನನ್ನೇ ಕೇಳಿದರು. ನಮ್ಮ ಕಂಪನಿಯ ವಕೀಲರು ‘ತಾಂತ್ರಿಕ ಕಾರಣಗಳಿಂದ’ ಎಂದು ಸೇರಿಸಿದ್ದರು. ಅದನ್ನು ತೆಗೆಯಲು ಎರಡು ದಿನ ಬಡಿದಾಡಿದೆ. ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಮುದ್ರಿಸಿ, ಮರುಸ್ಕ್ಯಾನ್ ಶುರುವಾದ ದಿನ ಬೆಳಗ್ಗೆ ಕೊಡಲು ಹೋದೆ. ಕೊಟ್ಟು ಬರಬಹುದಿತ್ತು. ಆದರೆ ಜನ ಅದನ್ನು ಓದುವುದನ್ನು ನೋಡಬೇಕೆನಿಸಿ ಕಾಯುವ ಹಾಲಿನಲ್ಲಿ ಕೂತೆ. ಮಗಳ ಫೋನ್ ಬಂತು, ಕನ್ನಡದಲ್ಲಿ ಮಾತಾಡಿ ಇಟ್ಟೆ. ಅವಳು ಎಂದಿನಂತೆ ತಮಿಳಿನಲ್ಲೇ ಉತ್ತರ ಕೊಟ್ಟಳು.

ಪಕ್ಕದಲ್ಲಿ ಕೂತಿದ್ದವರು ಆ ಪುಟವನ್ನು ನನ್ನ ಕಡೆ ಹಿಡಿದರು. ಅರವತ್ತರ ಆಸುಪಾಸಿನ ಬಡಕಲು ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಂಗೈಯಲ್ಲಿ ಹಳೆಯ ಸುಟ್ಟ ಕಲೆಗಳು.

“ನೀವು ಕನ್ನಡದವರಾ ಅಮ್ಮಾ? ಇದ್ರಲ್ಲಿ ಎಂತ ಬರ್ದಿದೆ ಅಂತ ಸ್ವಲ್ಪ ಹೇಳ್ತೀರಾ? ನಂಗೆ ತಮಿಳು ಮಾತಾಡ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ಬರುದಿಲ್ಲ.”

ಉಡುಪಿ ಕಡೆಯವರು. ಅಲ್ಲೇ ಹತ್ತಿರದ ಸಸ್ಯಾಹಾರಿ ಹೋಟೆಲಿನಲ್ಲಿ ದೋಸೆ ಹುಯ್ಯುವ ಕೆಲಸ. ಸಂಸಾರವೆಲ್ಲ ಊರಿನಲ್ಲಿ. ಧಣಿಗಳು ಅರ್ಧ ದಿನ ರಜೆ ಕೊಟ್ಟಿದ್ದಾರೆ ಎಂದರು.

ನಾನು ಬರೆದದ್ದನ್ನು ನಾನೇ ಕನ್ನಡದಲ್ಲಿ ಓದಿ ಹೇಳಿದೆ. ನಿಮ್ಮ ಸ್ಕ್ಯಾನ್ ಚಿತ್ರವನ್ನು ಇಟ್ಟಿದ್ದ ಕಂಪ್ಯೂಟರು ಅದರ ಮೇಲೆ ತಪ್ಪಾಗಿ ಹಳೆಯದನ್ನು ಬರೆದಿದೆ. ಆ ಚಿತ್ರವನ್ನು ನಂಬಿ ಕೊಟ್ಟ ವರದಿಯನ್ನು ನಾವು ಈಗ ನಂಬುವುದಿಲ್ಲ. ಮತ್ತೆ ನೋಡಬೇಕು.

ಅವರು ಕೊನೆಯವರೆಗೂ ಕೇಳಿದರು. “ಹಾಗಾದ್ರೆ ಹೋದ ಸಲ, ಬೇಸಿಗೆಲಿ, ಎಂತ ಇಲ್ಲ ಅಂತ ಹೇಳಿದ್ದು ಸುಳ್ಳಾ?”

“ಸುಳ್ಳು ಅಂತಲ್ಲ. ಗೊತ್ತಿಲ್ಲ ಅಂತ ಹೇಳಬೇಕಿತ್ತು.”

“ಈ ಕಂಪ್ಯೂಟರ್ ಯಾರದ್ದು?”

“ನಮ್ಮ ಕಂಪನಿದು. ನಾನು ಅಲ್ಲೇ ಕೆಲಸ ಮಾಡೋದು.”

ಅವರು ನನ್ನನ್ನು ಒಮ್ಮೆ ನೋಡಿ, ಪುಟವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು. ಹೆಸರು ಕೂಗಿದಾಗ ಎದ್ದು ಒಳಗೆ ಹೋದರು. ಅವರಾದ ಮೇಲೆ ಹೋದವರೆಲ್ಲ ಒಬ್ಬೊಬ್ಬರಾಗಿ ಹೊರಗೆ ಬಂದು, ಹಗುರಾಗಿ, ಚಪ್ಪಲಿ ಹಾಕಿಕೊಂಡು ಹೋದರು. ಅವರು ಮಾತ್ರ ಬರಲಿಲ್ಲ. ಕೊನೆಗೆ ನರ್ಸ್ ಬಾಗಿಲು ತೆರೆದು, ಅವರ ಜೊತೆ ಯಾರು ಬಂದಿದ್ದೀರಿ ಎಂದು ತಮಿಳಿನಲ್ಲಿ ಕೇಳಿದಳು. ಯಾರೂ ಏಳಲಿಲ್ಲ. ನಾನು ಎದ್ದೆ.

ವೈದ್ಯರು ಚಿಕ್ಕ ವಯಸ್ಸಿನವರು, ಬೇರೆ ಶಾಖೆಯಿಂದ ಈ ಕೆಲಸಕ್ಕೆಂದೇ ಅವತ್ತು ಬಂದವರು. ಪರದೆಯ ಮೇಲೆ ಶ್ವಾಸಕೋಶದ ಚಿತ್ರವಿತ್ತು. ಮೂಲೆಯಲ್ಲಿ ಒಂದು ಬಿಳಿ ಚುಕ್ಕೆಯನ್ನು ತೋರಿಸಿದರು. ಸೂಜಿ ಹಾಕಿ ತೆಗೆದು ಪರೀಕ್ಷಿಸಬೇಕು, ಬಹುಶಃ ಆಪರೇಷನ್ ಬೇಕಾಗುತ್ತದೆ ಎಂದರು. ಆಮೇಲೆ ಹೋಟೆಲಿನವರ ಕಡೆ ತಿರುಗಿ, ಗದರಿಕೆಯೇನೂ ಇಲ್ಲದೆ, “ಕೊಂಚ ಮುನ್ನಾಡಿಯೇ ವಂದಿರುಕ್ಕಲಾಮೇ ಅಯ್ಯಾ,” ಎಂದರು. ಸ್ವಲ್ಪ ಮೊದಲೇ ಬರಬಹುದಿತ್ತಲ್ಲ.

ಅವರು ನನ್ನ ಕಡೆ ನೋಡಿದರು. “ನಾನು ಮೊದ್ಲೇ ಬಂದಿದ್ದೆ ಅಲ್ವಾ ಅಮ್ಮಾ?” ಎಂದರು, ಕನ್ನಡದಲ್ಲಿ, ಮೆಲ್ಲಗೆ.

“ಬಂದಿದ್ದರು,” ಎಂದು ನಾನು ವೈದ್ಯರಿಗೆ ತಮಿಳಿನಲ್ಲಿ ಹೇಳಿದೆ. “ಬೇಸಿಗೆಯಲ್ಲೇ ಬಂದಿದ್ದರು. ಇಲ್ಲೇ ಯಾರೋ ಗುರುತು ಹಾಕಿರಬೇಕು. ನಮ್ಮ ಸರ್ವರು ಅದನ್ನು ಅಳಿಸಿತು.”

ವೈದ್ಯರು ಮೌಸ್ ಹಿಡಿದು ಚುಕ್ಕೆಯ ಪಕ್ಕದಲ್ಲಿ ಬಾಣ ಹಾಕಿದರು, ಉಳಿಸಿದರು, ಚಿತ್ರವನ್ನು ಮುಚ್ಚಿದರು. ಮತ್ತೆ ತೆರೆದರು. ಬಾಣ ಅಲ್ಲೇ ಇತ್ತು. ನಾವು ಮೂವರೂ ಅದನ್ನು ನೋಡಿದೆವು. ಆಮೇಲೆ ವೈದ್ಯರು ಇನ್ನೊಮ್ಮೆ ಮುಚ್ಚಿ, ತೆರೆದು ನೋಡಿದರು.